ಬೆಟ್ಟ ಮುಚ್ಚಿದ ವಾರ

ರೇವಿತ್ಸೆ, ದಕ್ಷಿಣ ಮೊರಾವಿಯಾ
ಶನಿವಾರ, ೩೧ ಆಗಸ್ಟ್ ೧೯೬೮

ನನ್ನ ಮುದ್ದು ಯಾರ್ಮಿಲಾ,

ವಿಯೆನ್ನಾದಿಂದ ನೀನು ಹಾಕಿದ ಕಾರ್ಡು ಕೈಸೇರಿತು. ಮೊದಲು ಹೇಳು, ವೀತೆಕ್‌ನ ಕಿವಿನೋವು ಹೋಯಿತೇ? ಸಮುದ್ರದಲ್ಲಿ ಮುಳುಗು ಹಾಕಬೇಡವೋ ಎಂದು ಹೊರಡುವ ದಿನವೂ ಹೇಳಿ ಕಳಿಸಿದ್ದೆ. ಮೊಮ್ಮಕ್ಕಳು ಅಜ್ಜಿಯ ಮಾತು ಕೇಳುವುದು ಜ್ವರ ಬಂದ ಮೇಲೆಯೇ. ಈರುಳ್ಳಿಯನ್ನು ಬಿಸಿ ಮಾಡಿ ಬಟ್ಟೆಯಲ್ಲಿ ಕಟ್ಟಿ ಕಿವಿಗೆ ಹಿಡಿ, ಕೂಗಿದರೂ ಬಿಡಬೇಡ. ಅಳಿಯಂದಿರು ಸರಿಯಾಗಿ ಊಟ ಮಾಡುತ್ತಿದ್ದಾರೆ ತಾನೆ? ಪರರ ಮನೆಯಲ್ಲಿ ಎರಡನೇ ಸಲ ಬಡಿಸಿಕೊಳ್ಳಲು ನಾಚುವ ಜೀವ ಓತಕರ್‌ದು. ನೀನೇ ಕೇಳದೆ ತಟ್ಟೆಗೆ ಹಾಕು. ರಜೆಗೆಂದು ಯುಗೊಸ್ಲಾವಿಯಾಕ್ಕೆ ಹೋದವರು ಹೀಗೆ ಅರ್ಧ ದಾರಿಯಲ್ಲಿ, ಬೇಸಿಗೆಯ ಬಟ್ಟೆಯಲ್ಲಿ, ಯಾರದೋ ಮನೆಯ ಸೋಫಾದ ಮೇಲೆ ಮಲಗುವಂತಾಯಿತಲ್ಲ.

ಕಾರ್ಡಿನಲ್ಲಿ ನೀನು ಕೇಳಿರುವುದು ಒಂದೇ ಪ್ರಶ್ನೆ: "ಅಮ್ಮಾ, ವಾಪಸ್ ಬರೋದಾ, ಇಲ್ಲೇ ಉಳಿಯೋದಾ?" ಅದಕ್ಕೆ ಉತ್ತರ ಕೊಡಲೆಂದೇ ಕೂತಿದ್ದೇನೆ. ಪಕ್ಕದ ಮನೆಯ ಹನಾಕ್ ಮಧ್ಯಾಹ್ನ ಕಾರಿನಲ್ಲಿ ವಿಯೆನ್ನಾಕ್ಕೆ ಹೊರಟಿದ್ದಾನೆ. ಗಡಿ ಇನ್ನೂ ತೆರೆದಿದೆ, ಅಂಚೆಯನ್ನು ಮಾತ್ರ ನಾನು ನಂಬುವುದಿಲ್ಲ. ಇಲ್ಲಿ ನಡೆದದ್ದನ್ನು ತಿಳಿಯದೆ ನೀನು ಯಾವ ನಿರ್ಧಾರವನ್ನೂ ಮಾಡಬಾರದು. ಆದ್ದರಿಂದ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ರಷ್ಯದ ಟ್ಯಾಂಕುಗಳು ನಮ್ಮ ಊರಿಗೆ ಬರಬೇಕಾದವೇ ಅಲ್ಲ. ರೇವಿತ್ಸೆಯವರ ಬುದ್ಧಿ ನಿನಗೆ ಗೊತ್ತಲ್ಲ. ಎದುರು ನಿಂತು ಜಗಳ ಆಡುವವರಲ್ಲ, ಹೂಂ ಅನ್ನುವವರೂ ಅಲ್ಲ. ಒಂದು ಲೋಟ ವೈನ್ ಸುರಿದು ಕೈಗೆ ಕೊಟ್ಟು ಬೇರೆ ಮಾತು ತೆಗೆಯುತ್ತಾರೆ. ದಾರಿಯ ಹಲಗೆಗಳನ್ನೆಲ್ಲ ಕಿತ್ತುಹಾಕಿ, ಬಂದವರು ದಿಕ್ಕು ತಪ್ಪಲಿ ಎಂದು ರೇಡಿಯೋ ಹೇಳಿದ್ದೇ ತಡ, ಊರಿಗೆ ಊರೇ ಏಣಿ ಹಿಡಿದು ಹೊರಟಿತು. ಬೀದಿಯ ಹೆಸರು, ಊರಿನ ಹೆಸರು, ಕೊನೆಗೆ ಹಲ್ಲಿನ ವೈದ್ಯರ ಮನೆಯ ಫಲಕವೂ ಹೋಯಿತು. ಎಲ್ಲರಿಗೂ ಮದುವೆಮನೆಯ ಸಂಭ್ರಮ. ಫಲ ಏನಾಯಿತು ಗೊತ್ತೇ? ಮುಂದಿನ ಊರಿಗೆ ಹೋಗಬೇಕಿದ್ದ ದಂಡು ನಮ್ಮ ಚರ್ಚನ್ನು ಮೂರು ಸುತ್ತು ಹಾಕಿ, ದಾರಿ ಸಿಗದೆ, ನಮ್ಮ ದ್ರಾಕ್ಷಿ ಬೆಟ್ಟದ ಬುಡದಲ್ಲಿ ಅಕ್ರೋಟ್ ಮರಗಳ ಕೆಳಗೆ ಸುಸ್ತಾಗಿ ನಿಂತುಬಿಟ್ಟಿತು. ಹಲಗೆ ಇದ್ದಿದ್ದರೆ ಅರ್ಧ ಗಂಟೆಯಲ್ಲಿ ದಾಟಿ ಹೋಗುತ್ತಿದ್ದರು. ನಮ್ಮ ಜಾಣತನಕ್ಕೆ ನಾವೇ ತೆತ್ತ ಬೆಲೆ ಇದು.

ಹನಾಕ್‌ನ ತಾಯಿ ರೊಜಾರಾ ಅಜ್ಜಿಗೆ ಮಾತ್ರ ಇದ್ಯಾವುದೂ ಹೊಸದಲ್ಲ. ಕಿಟಕಿಯಲ್ಲಿ ದಿಂಬಿಟ್ಟು, ಅದರ ಮೇಲೆ ಮೊಣಕೈ ಊರಿ, ಬೀದಿಗೆಲ್ಲ ಕೇಳುವಂತೆ ಹೇಳಿದರು: "ಸ್ವೀಡರು ಬಂದ್ರು, ಕುಡಿದ್ರು, ಹೋದ್ರು. ಪ್ರಷ್ಯದೋರು ಬಂದ್ರು, ಕುಡಿದ್ರು, ಕಾಲರಾ ಬಿಟ್ಟು ಹೋದ್ರು. ಇವ್ರೂ ಕುಡೀಲಿ ಬಿಡ್ರೇ, ಹೋಗ್ತಾರೆ." ಇದು ಈ ಊರಿನ ವೇದಾಂತ. ನೆಲಮಾಳಿಗೆಯ ಕೊನೆಗೆ ಒಂದು ಗೋಡೆ ಕಟ್ಟು, ಒಳ್ಳೆಯ ಪೀಪಾಯಿ ಅದರ ಹಿಂದೆ ಇಡು, ಹುಳಿಯದನ್ನು ಮುಂದಿಡು, ಬಂದವರಿಗೆ ಬಗ್ಗಿ ನಮಸ್ಕರಿಸು. ಮುನ್ನೂರು ವರ್ಷ ಹೀಗೇ ನಡೆದಿದೆ. ಆದರೆ ಎಲ್ಲರೂ ಹೋಗುವುದಿಲ್ಲ, ಕೆಲವು ಸಲ ಹೋಗಬೇಕಾದವರು ನಾವೇ ಆಗುತ್ತೇವೆ, ಇದನ್ನು ಅಜ್ಜಿ ಹೇಳುವುದಿಲ್ಲ. ಯುದ್ಧ ಮುಗಿದ ಮೇಲೆ ಗಡಿಯಾಚೆ ಅಟ್ಟಿದ ಮೇಲಿನ ಬೀದಿಯ ಜರ್ಮನ್ನರ ನೆಲಮಾಳಿಗೆಗಳಿಗೆ ಈಗ ಯಾರ ಬೀಗ ಬಿದ್ದಿದೆ ಎಂದು ಈ ಊರಿನಲ್ಲಿ ಯಾರೂ ಗಟ್ಟಿಯಾಗಿ ಕೇಳುವುದಿಲ್ಲ. ಅವರ ಬಳ್ಳಿಗಳು ಮಾತ್ರ ಪ್ರತಿವರ್ಷ ಕಾಯಿ ಬಿಡುತ್ತವೆ. ಬಳ್ಳಿಗೆ ಭಾಷೆಯಿಲ್ಲ.

ಸಂತ ಬಾರ್ತೊಲೊಮೇಯನ ಹಬ್ಬ ಕಳೆದ ಶನಿವಾರ. ಬೆಟ್ಟ ಮುಚ್ಚುವ ದಿನ. ಈ ಸಲ ಮುಚ್ಚುವುದೇ ಬೇಡ ಎಂದ ಸಹಕಾರಿ ಸಂಘದ ಅಧ್ಯಕ್ಷ ಕ್ವಾಪಿಲ್. ಕೆಳಗೆ ತೋಪುಗಳು ಮೂತಿ ಎತ್ತಿ ನಿಂತಿರುವಾಗ ಕಂಬ ನೆಟ್ಟು, ತುದಿಗೆ ಹೂಗೊಂಚಲು, ಸೇಬು ಕಟ್ಟಿ, ಇನ್ನು ಕೊಯ್ಲಿನ ತನಕ ಕಾವಲುಗಾರನ ಹೊರತು ಒಂದು ನರಪಿಳ್ಳೆಯೂ ತೋಟಕ್ಕೆ ಕಾಲಿಡಬಾರದು ಎಂದು ಸಾರಿದರೆ ಅವರು ಏನೆಂದು ತಿಳಿದಾರು ಎಂಬುದು ಆತನ ಭಯ. ತಪ್ಪೇನೂ ಹೇಳಲಿಲ್ಲ. ಆದರೆ ನಿಮ್ಮಪ್ಪ ಎದ್ದು ನಿಂತರು. ಹದಿನೇಳು ವರ್ಷದಿಂದ ಬೆಟ್ಟದ ಕಾವಲು ಅವರದು. ಅಧ್ಯಕ್ಷರು ಬರುತ್ತಾರೆ, ಹೋಗುತ್ತಾರೆ. "ನೋಡಪ್ಪಾ ಕ್ವಾಪಿಲ್, ಬೆಟ್ಟ ಮುಚ್ಚಿದ್ಮೇಲೆ ನನ್ನ ಹೆಂಡ್ತೀನೇ ನಾನು ಒಳಗೆ ಬಿಟ್ಟೋನಲ್ಲ. ಟ್ಯಾಂಕಿನೋರು ನಿನಗೆ ಬೀಗರೇನು?" ಜನ ಹೋ ಎಂದು ನಕ್ಕರು. ಕಂಬ ಎದ್ದಿತು. ನಾನೂ ಕೈತಟ್ಟಿದೆ, ಯಾಕೆ ಸುಳ್ಳು ಹೇಳಲಿ. ರಷ್ಯದ ಪತ್ರಿಕೆಗಳು ಇದನ್ನು ಸಹೋದರ ರಾಷ್ಟ್ರಗಳ ನೆರವು ಎಂದು ಕರೆಯುತ್ತಿರುವಾಗ, ಒಡಹುಟ್ಟಿದವರು ಬಾಗಿಲು ತಟ್ಟಿ ಒಳಗೆ ಬರುತ್ತಾರೆ ಎಂದು ಹೇಳಲು ನಮ್ಮ ಬಳಿ ಇದ್ದದ್ದು ಆ ಒಂದು ಕಂಬ.

ಮನೆಗೆ ಬಂದು ಸೂಪಿಗೆ ಆಲೂಗಡ್ಡೆ ಹೆಚ್ಚುವಾಗ ನನಗೆ ಕಬ್ಬಕ್ಕಿಗಳ ನೆನಪಾಯಿತು. ಹಣ್ಣು ಮೆತ್ತಗಾಗುತ್ತಿದ್ದಂತೆ ಕಪ್ಪು ಮೋಡದ ಹಾಗೆ ಇಳಿಯುತ್ತವಲ್ಲ, ಆಗ ನಿಮ್ಮಪ್ಪ ಏನು ಮಾಡುತ್ತಾರೆ? ಹಳೆಯ ಬಂದೂಕಿಗೆ ಮದ್ದು ತುಂಬಿ ಆಕಾಶಕ್ಕೆ ಹಾರಿಸುತ್ತಾರೆ. ನಮ್ಮ ಕಿವಿಗೆ ಅದು ಆಗಸ್ಟ್ ತಿಂಗಳ ಸದ್ದು. ತೊಟ್ಟಿಲ ಕೂಸೂ ಅದಕ್ಕೆ ಏಳುವುದಿಲ್ಲ. ಬೆಟ್ಟದ ಬುಡದಲ್ಲಿ ಮಲಗಿರುವ, ಮೀಸೆಯೂ ಮೂಡದ, ತಾವು ಯಾವ ದೇಶದಲ್ಲಿದ್ದೇವೆ ಎಂದೇ ಗೊತ್ತಿಲ್ಲದ ಆ ಹುಡುಗರ ಕಿವಿಗೆ?

ಅದಕ್ಕೇ ಸೋಮವಾರ ನಾನೇ ಅವರ ಶಿಬಿರಕ್ಕೆ ಹೋದೆ. ಈ ಊರಿನಲ್ಲಿ ರಷ್ಯನ್ ಭಾಷೆಯನ್ನು ಪ್ರೀತಿಯಿಂದ ಕಲಿತವಳು ನಾನೊಬ್ಬಳೇ. ಅವರ ಕಾದಂಬರಿಗಳನ್ನು ಓದಿ ಅತ್ತವಳು, ಅತ್ತು ಊರಿಗೂ ಓದಿಸಿದವಳು. ಈ ವಾರ ಜನ ಆ ಪುಸ್ತಕಗಳನ್ನೆಲ್ಲ ತಂದು ನನ್ನ ಗ್ರಂಥಾಲಯದ ಮೆಟ್ಟಿಲ ಮೇಲೆ ರಾಶಿ ಸುರಿದು ಹೋಗಿದ್ದಾರೆ. ಪುಸ್ತಕಗಳೇನು ಟ್ಯಾಂಕು ಓಡಿಸಿದವೇ ಎಂದು ಕೂಗಾಡಿ ಒಂದೊಂದನ್ನೂ ಒಳಗೆ ಇಟ್ಟೆ. ಅಧಿಕಾರಿ ನಿನ್ನ ವಯಸ್ಸಿನವನು. ಕಣ್ಣು ನಿದ್ದೆಯಿಲ್ಲದೆ ಕೆಂಪಾಗಿತ್ತು. ರಷ್ಯನ್ ಹೆಸರು ಹೊಳೆಯದೆ ನಮ್ಮ ಮಾತಿನಲ್ಲೇ ಕಬ್ಬಕ್ಕಿ ಎಂದೆ. ಬೆಳಿಗ್ಗೆ ಬರುತ್ತವೆ ಎಂದೆ. "ಎಷ್ಟು?" ಅಂದ. ಸಾವಿರಾರು ಎಂದೆ. ಅವನ ಕೈ ಸೊಂಟದ ಪಿಸ್ತೂಲಿಗೆ ಹೋಯಿತು. ಹಕ್ಕಿ ಕಣಪ್ಪಾ, ಹಕ್ಕಿ, ಎಂದು ಎರಡು ತೋಳನ್ನೂ ರೆಕ್ಕೆಯ ಹಾಗೆ ಬಡಿದು ತೋರಿಸಿದೆ. ಸುತ್ತ ನಿಂತ ಹುಡುಗರು ಕಿಸಕ್ಕನೆ ನಕ್ಕರು. ಅವನು ನಗಲಿಲ್ಲ. ಆ ಹಕ್ಕಿಗಳನ್ನು ಓಡಿಸಲು ನನ್ನ ಗಂಡ ಬಂದೂಕು ಹಾರಿಸುತ್ತಾರೆ ಎಂದೆ. "ತಾಯಿ, ಮನೆಗೆ ಹೋಗಿ. ಮೇಲಿಂದ ಒಂದು ಗುಂಡಿನ ಸದ್ದು ಬಂದ್ರೂ ನಾವು ತಿರುಗಿ ಹೊಡೀತೀವಿ. ಹಕ್ಕಿಗೋ ಮನುಷ್ಯನಿಗೋ ಅಂತ ಕೇಳ್ಕೊಂಡು ಕೂರೋಕೆ ನಮಗೆ ಆಜ್ಞೆ ಇಲ್ಲ." ಗದರಿಸಿ ಹೇಳಿದ್ದರೆ ನನಗೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ. ಬೇಡಿಕೊಳ್ಳುವವನ ದನಿಯಲ್ಲಿ ಹೇಳಿದ.

ಅಂದು ಸಂಜೆಯೇ ನಿಮ್ಮಪ್ಪನ ಜೊತೆ ಜಗಳ. ನಲವತ್ತು ವರ್ಷದ ಸಂಸಾರದಲ್ಲಿ ನಾನು ಗೆದ್ದ ಜಗಳಗಳು ಕಡಿಮೆ, ಇದನ್ನು ಗೆದ್ದೆ. ಬಂದೂಕು ಅಟ್ಟದ ಮೇಲೇ ಇರಲಿ, ಗಿಲಕಿ ತೆಗೆದುಕೊಂಡು ಹೋಗಿ ಎಂದೆ. ಆ ಮರದ ಗಿಲಕಿ ನಿನಗೆ ಗೊತ್ತು, ಹಿಡಿ ಹಿಡಿದು ತಿರುಗಿಸಿದರೆ ಹಲ್ಲುಚಕ್ರಕ್ಕೆ ಪಟ್ಟಿ ಬಡಿದು ಗರಗರ ಎನ್ನುತ್ತದಲ್ಲ, ಅದೇ. ಗುಡ್ ಫ್ರೈಡೆಗೆ ಚರ್ಚಿನ ಗಂಟೆ ಮೌನವಾದಾಗ ಊರ ಮಕ್ಕಳೆಲ್ಲ ತಿರುಗಿಸಿಕೊಂಡು ಓಡುವ ಆಟಿಕೆ. ಅದರಷ್ಟು ನಿರಪರಾಧಿಯಾದ ಸದ್ದು ಲೋಕದಲ್ಲಿ ಇನ್ನೊಂದಿಲ್ಲ ಎಂದುಕೊಂಡೆ. "ಮುದುಕನ ಕೈಗೆ ಗಿಲಕಿ ಕೊಟ್ಟೆಯಲ್ಲೇ, ಇನ್ನು ಬಾಯಿಗೆ ನಿಪ್ಪಲ್ಲೂ ಇಟ್ಬಿಡು," ಎಂದು ಗೊಣಗುತ್ತ ಒಪ್ಪಿದರು. ನಾನು ಆ ರಾತ್ರಿ ನೆಮ್ಮದಿಯಾಗಿ ಮಲಗಿದೆ.

ಬುಧವಾರ ಬೆಳಿಗ್ಗೆ ಹಕ್ಕಿಗಳು ಬಂದವು. ನಾನು ಅಂಗಳದಲ್ಲಿ ಏಪ್ರಿಕಾಟ್ ಬಿಡಿಸುತ್ತಿದ್ದೆ. ಮೇಲಿಂದ ಗಿಲಕಿಯ ಸದ್ದು ಕೇಳಿತು. ಯಾರ್ಮಿಲಾ, ನಿನ್ನಮ್ಮ ಅರವತ್ತೈದು ವರ್ಷ ಆ ಸದ್ದು ಕೇಳಿದ್ದಾಳೆ, ಅದು ಯಾವುದರ ಹಾಗಿದೆ ಎಂದು ಅವಳಿಗೆ ಅಂದೇ ಮೊದಲ ಬಾರಿಗೆ ಹೊಳೆದದ್ದು. ಗರಗರಗರ, ನಿಲ್ಲುವುದು, ಮತ್ತೆ ಗರಗರಗರ. ಒಂದು ಗುಂಡಿನ ಸದ್ದು ಬೇಡವೆಂದು ನಾನು ಅವರ ಕೈಗೆ ಮಷಿನ್‌ಗನ್ನಿನ ಸದ್ದು ಕೊಟ್ಟು ಕಳಿಸಿದ್ದೆ. ಅಷ್ಟರಲ್ಲಿ ಕೆಳಗಿನಿಂದ ಅವರು ಹೊಡೆಯತೊಡಗಿದರು. ನಿಜವಾದದ್ದು ಬೇರೆಯೇ ಇರುತ್ತದೆ, ಅದಕ್ಕೆ ಎದೆಯೊಳಗೆ ಪ್ರತಿಧ್ವನಿ ಇದೆ. ನಾನು ಬೆಟ್ಟದ ಕಡೆ ಓಡಿದೆ. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಕಂಬದ ಬಳಿ ಬಂದಾಗ ಕಾಲು ತಾನಾಗಿ ನಿಂತಿತು. ಮುಚ್ಚಿದ ಬೆಟ್ಟಕ್ಕೆ ಹುಟ್ಟಿದಾಗಿನಿಂದ ಕಾಲಿಟ್ಟವಳಲ್ಲ. ಆ ಕ್ಷಣದಲ್ಲೂ ನಿಂತೆನಲ್ಲ ಎಂಬುದೇ ನನಗೆ ಈಗಲೂ ನಂಬಲಾಗದ ವಿಷಯ. ಆಮೇಲೆ ದಾಟಿದೆ.

ಅವರು ಬದುಕಿದ್ದರು. ವೆಲ್ಟ್‌ಲಿನ್ ದ್ರಾಕ್ಷಿ ಬಳ್ಳಿಗಳ ಸಾಲಿನ ನಡುವೆ ಮುಖ ಅಡಿಯಾಗಿ ಮಲಗಿದ್ದರು, ಎಲೆಚೂರು ಬೆನ್ನ ಮೇಲೆಲ್ಲ ಉದುರಿತ್ತು. ಗಿಲಕಿ ಹೊಟ್ಟೆಯ ಕೆಳಗಿತ್ತು. ಸೈನಿಕರು ಬಂದು ನಮ್ಮಿಬ್ಬರನ್ನೂ ಕೆಳಗೆ ಕರೆದೊಯ್ದರು. ಅಧಿಕಾರಿ ಗಿಲಕಿಯನ್ನು ಹಿಂದೆ ಮುಂದೆ ನೋಡಿ ಒಂದು ಸುತ್ತು ತಿರುಗಿಸಿದ. ಹಿಂದೆ ನಿಂತಿದ್ದ ಅವನ ಹುಡುಗರೆಲ್ಲ ದಪದಪ ನೆಲಕ್ಕೆ ಬಿದ್ದರು. ಯಾರೂ ನಗಲಿಲ್ಲ. ಒಬ್ಬ ಹುಡುಗ ಎದ್ದವನು ಅಳುತ್ತಿದ್ದ. ನಿಮ್ಮಪ್ಪನೇ ಅವನ ಭುಜದ ಮಣ್ಣು ಕೊಡವಿದರು. ಅಧಿಕಾರಿ ಗಿಲಕಿ ವಾಪಸ್ ಕೊಡಲಿಲ್ಲ, ಮೊಣಕಾಲಿಗೆ ಇಟ್ಟು ಮುರಿದ.

ಈಗ ಊರೆಲ್ಲ ಇದೇ ಕಥೆ. ನೆಲಮಾಳಿಗೆಗಳ ಮುಂದೆ ಕೂತು ದಪದಪ ಬಿದ್ದವರ ಆಟ ಕಟ್ಟಿ ತೋರಿಸುತ್ತಾರೆ. "ನಮ್ಮ ಕಾವಲುಗಾರ ಸಿರಿಲ್ ಒಬ್ಬನೇ ಒಂದು ಗಿಲಕಿಯಿಂದ ಇಡೀ ದಂಡನ್ನೇ ಮಲಗಿಸಿದ," ಎಂದು ರೊಜಾರಾ ಅಜ್ಜಿ ಹೋಗಿ ಬರುವವರಿಗೆಲ್ಲ ಸಾರುತ್ತಿದ್ದಾರೆ. ನಿಮ್ಮಪ್ಪನೂ ಹೇಳುತ್ತಾರೆ, ಪ್ರತಿ ಸಲ ಬೀಳುವ ಸೈನಿಕರ ಸಂಖ್ಯೆ ಏರುತ್ತದೆ. ಕಬ್ಬಕ್ಕಿಗಳು ಮೇಲಿನ ಸಾಲುಗಳನ್ನು ನಿರಾತಂಕವಾಗಿ ತಿನ್ನುತ್ತಿವೆ.

ಇನ್ನು ನಿನ್ನ ಪ್ರಶ್ನೆ. ನಿಮ್ಮಪ್ಪನ ಮಾತನ್ನೇ ಬರೆಯುತ್ತೇನೆ, ಎದುರಿಗೇ ಕೂತು ಹೇಳಿಸುತ್ತಿದ್ದಾರೆ: "ಬಂದ್ಬಿಡು ಮಗಳೇ. ಏನೂ ಆಗಲ್ಲ. ಕೊಯ್ಲಿಗೆ ಕೈ ಬೇಕು. ವೀತೆಕ್‌ಗೆ ಈ ವರ್ಷ ಸಣ್ಣ ಬುಟ್ಟಿ ಹೆಣೆದಿಟ್ಟಿದ್ದೀನಿ. ಮನೆ ಬಿಟ್ಟೋರಿಗೆ ಮನೆ ಇರಲ್ಲ." ಅವರ ಮಾತು ಇಷ್ಟು. ಓದಿ ನೋಡಿಯೇ ಕಳಿಸುತ್ತಾರಂತೆ, ಕನ್ನಡಕ ಹುಡುಕುತ್ತಿದ್ದಾರೆ.

ಓತಕರ್‌ಗೆ ನನ್ನ ಆಶೀರ್ವಾದ ತಿಳಿಸು. ವೀತೆಕ್‌ನ ಎರಡು ಕೆನ್ನೆಗೂ, ನೋಯುವ ಕಿವಿಗೆ ಪ್ರತ್ಯೇಕವಾಗಿ ಒಂದು, ಅಜ್ಜಿಯ ಮುತ್ತು. ನಿಮ್ಮನ್ನು ಇರಿಸಿಕೊಂಡ ಆ ಮನೆಯವರಿಗೆ ಹನಾಕ್‌ನ ಕೈಯಲ್ಲಿ ಏಪ್ರಿಕಾಟ್ ಜಾಮ್ ಕಳಿಸಿದ್ದೇನೆ. ದೇವರು ನಿಮ್ಮ ಮೂವರ ತಲೆಯ ಮೇಲೆ ಕೈಯಿಟ್ಟು ಕಾಯಲಿ.

ನಿನ್ನ ಅಮ್ಮ,
ಅಪೊಲೆನಾ

ಮರೆತ ಮಾತು: ನಿಮ್ಮಪ್ಪ ಓದಿದರು, ಚೆನ್ನಾಗಿ ಬರೆದಿದ್ದೀ ಎಂದರು. ಹನಾಕ್‌ಗೆ ಕೊಡಲು ಒಂದು ಬಾಟಲಿ ತರಲೆಂದು ನೆಲಮಾಳಿಗೆಗೆ ಇಳಿದಿದ್ದಾರೆ. ಅವರು ಹತ್ತಿ ಬರುವುದರೊಳಗೆ ಬರೆಯುತ್ತಿದ್ದೇನೆ. ಬರಬೇಡ. ಬುಧವಾರದಿಂದ ಅವರು ಗೋಡೆಯ ಕಡೆ ತಿರುಗಿ ಕೂತು ಊಟ ಮಾಡುತ್ತಾರೆ, ಕೈ ನನಗೆ ಕಾಣಬಾರದು ಎಂದು, ಆದರೆ ಚಮಚ ತಟ್ಟೆಗೆ ತಾಗಿ ಟಕಟಕ ಎನ್ನುವುದು ಕೇಳಿಸುತ್ತದೆ. ನಿಮ್ಮಪ್ಪ ಹೆದರಿದ್ದನ್ನು ನಾನು ಹಿಂದೆ ಯಾವತ್ತೂ ನೋಡಿಲ್ಲ, ಯುದ್ಧದಲ್ಲೂ ಇಲ್ಲ. ಹೆದರಿದವರು ಮಕ್ಕಳನ್ನು ಹತ್ತಿರ ಕರೆಯುತ್ತಾರೆ. ಆ ಕರೆಗೆ ಓಗೊಡಬೇಡ. ಈ ಗಡಿ ಮುಚ್ಚುವುದನ್ನು ನಾನು ಮೊದಲೂ ನೋಡಿದ್ದೇನೆ. ಸ್ವಲ್ಪ ದಿನಕ್ಕೆ ಅಷ್ಟೆ ಎಂದು ಎಲ್ಲರೂ ಹೇಳುತ್ತಿರುವಾಗಲೇ ಮುಚ್ಚುತ್ತದೆ. ನನ್ನನ್ನು ಹತ್ತನೇ ವಯಸ್ಸಿಗೆ ಭಾಷೆ ಕಲಿಯಲೆಂದು ಒಂದು ವರ್ಷ ಆಚೆಯ ಹಳ್ಳಿಯ ಜರ್ಮನ್ ಮನೆಯಲ್ಲಿ ಬಿಟ್ಟಿದ್ದರು. ಮೊದಲ ವಾರವೆಲ್ಲ ಅಳುತ್ತಿದ್ದೆ, ಕ್ರಿಸ್‌ಮಸ್ ಹೊತ್ತಿಗೆ ಜರ್ಮನ್‌ನಲ್ಲೇ ಕನಸು ಬೀಳುತ್ತಿತ್ತು. ಮಗು ಕಲಿಯುತ್ತದೆ. ಅಲ್ಲಿ ಶಾಲೆ ಇನ್ನೇನು ಶುರುವಾಗುತ್ತದೆ, ಸೋಮವಾರವೇ ಹೋಗಿ ವೀತೆಕ್‌ನನ್ನು ಸೇರಿಸು. ಬಿಸಿಲಿಗೆ ಹೋಗುವಾಗ ಸ್ವೆಟರ್ ಒಯ್ದಿರಲಿಕ್ಕಿಲ್ಲ. ಅವನ ಚಳಿಗಾಲದ ಕೋಟು ಹನಾಕ್‌ನ ಕಾರಿನಲ್ಲಿ ಹಿಂದಿನ ಸೀಟಿನ ಕೆಳಗೆ ಇಟ್ಟಿದ್ದೇನೆ, ನಿಮ್ಮಪ್ಪನಿಗೆ ಗೊತ್ತಿಲ್ಲ. ತೋಳು ಉದ್ದಕ್ಕೆ ಬಿಚ್ಚಿ ಹೊಲಿದಿದ್ದೇನೆ, ಎರಡು ವರ್ಷ ಬರುತ್ತದೆ. ಆಮೇಲೆ ಅಲ್ಲೇ ಹೊಸದು ಕೊಡಿಸು.