ಕರೆಂಟಿಲ್ಲದೆ ಮೇಲೇರಿದ ಲಿಫ್ಟು

ಹೊಲಿಗೆ ಅಂಗಡಿ,
ಮಾರ್ಚ್ ೯, ಮಧ್ಯಾಹ್ನ

ಮನೆಯೊಡತಿಗೆ ನಿನ್ನ ದರ್ಜಿಯ ಪ್ರೀತಿಯ ನೆನಪುಗಳು.

ಮಂಡಿನೋವು ಹೇಗಿದೆ? ಕಾಲು ಮುರಿದುಕೊಂಡಿರುವವಳು ನಿನ್ನ ತಂಗಿ. ಆರೈಕೆಗೆಂದು ಹೋದ ನೀನೂ ಅವಳ ಪಕ್ಕದ ಮಂಚ ಹಿಡಿಯಬೇಡ. ನಾನು ಗಟ್ಟಿಯಾಗಿದ್ದೇನೆ. ನನ್ನ ಅಡುಗೆಯನ್ನು ನಮ್ಮ ಮಗಳು ಮರುಮಾತಿಲ್ಲದೆ ತಿನ್ನುತ್ತಾಳೆ. ಲಿಫ್ಟ್ ರಿಪೇರಿ ಕೆಲಸಕ್ಕೆ ಸೇರಿದಳೆಂದು ನೀನು ಅವಳೊಡನೆ ಮಾತು ಬಿಟ್ಟಾಗಿನಿಂದ ಮನೆಯಲ್ಲಿ ಅವಳ ದನಿಯೇ ಕಡಿಮೆ.

ನಿನ್ನೆಯ ಸುದ್ದಿ ಹೇಳದಿದ್ದರೆ ನನಗೆ ಉಂಡ ಅನ್ನ ಜೀರ್ಣವಾಗದು. ಗಾಬರಿಯಾಗಬೇಡ, ಎಲ್ಲರೂ ಕ್ಷೇಮ. ಹೊಲಿದ ಕೋಟನ್ನು ಮೇಲಿನ ಮಹಡಿಯ ವಕೀಲರಿಗೆ ಕೊಡಲು ಲಿಫ್ಟ್ ಹತ್ತಿದೆ. ಜೊತೆಗೆ ಪಕ್ಕದಂಗಡಿಯ ಗಡಿಯಾರ ರಿಪೇರಿಯ ಅಜ್ಜ. ಅರ್ಧ ದಾರಿಯಲ್ಲಿ ಕರೆಂಟು ಹೋಯಿತು. ಕತ್ತಲು, ಸೆಕೆ. ಅಜ್ಜನಿಗೆ ಉಬ್ಬಸ ಶುರುವಾಯಿತು. ಬಾಯಿಂದ ಎಳೆದುಕೊಳ್ಳುವ ಔಷಧಿ ಅವರ ಅಂಗಡಿಯಲ್ಲಿ ಉಳಿದಿತ್ತು. ಮಗಳಿಗೆ ಫೋನ್ ಮಾಡಿದೆ. ಅದೃಷ್ಟಕ್ಕೆ ಅವಳು ಪಕ್ಕದ ಬೀದಿಯಲ್ಲೇ ಕೆಲಸದಲ್ಲಿದ್ದಳು. ಮೆಟ್ಟಿಲು ಹತ್ತಿ ತಾರಸಿಯ ಮೋಟಾರಿನ ಕೋಣೆ ಸೇರಿ, ಫೋನಿನಲ್ಲೇ, "ಅಪ್ಪಾ, ಬಾಗಿಲು ಮುಟ್ಟಬೇಡಿ. ಅಜ್ಜಂಗೆ ಕೂತ್ಕೊಂಡು ನಿಧಾನವಾಗಿ ಉಸಿರು ಬಿಡೋಕೆ ಹೇಳು. ಈಗ ಮೇಲೆ ಬರ್ತೀರಿ," ಎಂದಳು. ಆ ದನಿಯಲ್ಲಿ ಎಳ್ಳಷ್ಟೂ ನಡುಕವಿರಲಿಲ್ಲ ಕಣೇ!

ಲಿಫ್ಟು ಚೂರು ಏರಿತು, ನಿಂತಿತು. ಮತ್ತೆ ಚೂರು ಏರಿತು. ಕರೆಂಟಿಲ್ಲ, ಎಳೆಯುವವರಿಲ್ಲ. ಮೇಲಿನ ಮಹಡಿ ಮುಟ್ಟಿದಾಗ ಅವಳೇ ಇಳಿದು ಬಂದು ಬಾಗಿಲು ಸರಿಸಿದಳು. ಅವಳು ಹೇಳಿಕಳಿಸಿದ್ದಕ್ಕೆ ಯಾರೋ ಅಜ್ಜನ ಅಂಗಡಿಯಿಂದ ಔಷಧಿ ತಂದಿದ್ದರು. ಅಜ್ಜ ಎರಡು ಬಾರಿ ಎಳೆದುಕೊಂಡು, ಉಸಿರು ಹತೋಟಿಗೆ ಬಂದ ಮೇಲೆ, "ಈ ಹುಡುಗಿ ನನ್ನ ಮುಳ್ಳು ನಿಲ್ಲದ ಹಾಗೆ ನೋಡ್ಕೊಂಡ್ಳಪ್ಪಾ," ಎಂದರು.

ನಾನು ಬಿಡಲಿಲ್ಲ, ಹೇಗೆ ಮಾಡಿದೆ ಎಂದು ಪೀಡಿಸಿದೆ. ಮೋಟಾರಿನ ಕೋಣೆಗೆ ಕರೆದೊಯ್ದು ತೋರಿಸಿದಳು. ಹಗ್ಗದ ಒಂದು ತುದಿಗೆ ಲಿಫ್ಟು, ಇನ್ನೊಂದು ತುದಿಗೆ ಕಬ್ಬಿಣದ ತೂಕ. ನಾವಿಬ್ಬರೇ ಇದ್ದದ್ದರಿಂದ ತೂಕದ ಕಡೆಯೇ ಭಾರ. "ಅದು ಎತ್ತರದಲ್ಲಿತ್ತಲ್ಲ, ಆ ಎತ್ತರವೇ ಶಕ್ತಿ ಅಪ್ಪಾ. ಮುಂಚೆ ಕರೆಂಟು ಅದನ್ನ ಮೇಲಕ್ಕೆತ್ತಿಟ್ಟಿತ್ತು. ಕರೆಂಟು ಹೋದ್ರೂ ಅದು ಎಲ್ಲೂ ಹೋಗಿರ್ಲಿಲ್ಲ. ಕರೆಂಟು ಹೋದಾಗ ತಾನೇ ಹಿಡ್ಕೊಂಡಿದ್ದ ಬ್ರೇಕನ್ನ ನಾನು ಸಡಿಲಿಸಿದೆ. ತೂಕ ಕೆಳಗಿಳೀತು, ನೀವು ಮೇಲೆ ಬಂದ್ರಿ." ಪೂರ್ತಿ ಬಿಟ್ಟಿದ್ದರೆ? "ವೇಗ ಏರ್ತಾನೇ ಹೋಗ್ತಿತ್ತು. ಅದಕ್ಕೇ ಆಗಾಗ ಹಿಡಿದೆ. ಹೆಚ್ಚಾದ ವೇಗವೆಲ್ಲ ಇಲ್ಲಿ ಬಿಸಿಯಾಯ್ತು, ಮುಟ್ಟಿ ನೋಡು." ಬ್ರೇಕು ಬೆಚ್ಚಗಿತ್ತು. ಶಕ್ತಿ ಹುಟ್ಟುವುದೂ ಇಲ್ಲ, ಸಾಯುವುದೂ ಇಲ್ಲ, ವೇಷ ಬದಲಿಸುತ್ತದೆ ಅಷ್ಟೇ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ನಿನ್ನೆ ಅದು ನನ್ನನ್ನೇ ಹೊತ್ತುಕೊಂಡು ಹೋಯಿತು.

ಗ್ರೀಸು ಮೆತ್ತಿದ ಆ ಕೈಗಳನ್ನು ನೀನು ನೋಡಬೇಕಿತ್ತು. ಅಳತೆಯಲ್ಲಿ ನಿನ್ನ ಕೈಗಳೇ.

ತಂಗಿಗೆ ಬೇಗ ವಾಸಿಯಾಗಲಿ. ನೀನು ಹೊತ್ತಿಗೆ ಸರಿಯಾಗಿ ಉಣ್ಣು.

ಇಂತಿ,
ನಿನ್ನ ದರ್ಜಿ

ಒಂದು ಮಾತು ಮರೆತಿದ್ದೆ. ಅಂಚೆಯವನು ಬಾಗಿಲಲ್ಲಿದ್ದಾನೆ, ಬೇಗ ಬರೆಯುತ್ತೇನೆ. ಮೆಟ್ಟಿಲಿಳಿಯುವಾಗ ಅವಳು ಕೇಳಿದ್ದು ಒಂದೇ: "ಅಪ್ಪಾ, ಅಮ್ಮಂಗೆ ಹೇಳ್ತೀಯಾ?" ಹೇಳು ಎಂದಳೋ, ಹೇಳಬೇಡ ಎಂದಳೋ, ಈ ದಡ್ಡನಿಗೆ ತಿಳಿಯಲಿಲ್ಲ. ನೀನೇ ಫೋನ್ ಮಾಡಿ ಕೇಳು. ಈ ಕಾಗದ ಸಿಕ್ಕ ದಿನವೇ.