ಬೋರ್ಡಿಗೆ ಕೊಟ್ಟ ಉತ್ತರ

ಮಾರ್ಚ್ 3, ಸೋಮವಾರ

ಬೆಳಗಿನ ಶಿಫ್ಟ್. ಗಂಟಲು ಕಟ್ಟಿತ್ತು, ಆದರೂ ಎಲ್ಲ ರೈಲುಗಳ ಅನೌನ್ಸ್‌ಮೆಂಟೂ ಮುಗಿಸಿದೆ. ಹೊರಗೆ ಬಂದರೆ ಸ್ಟೇಷನ್ನಿನ ಎದುರಿಗೇ ಹೊಸ ಬೋರ್ಡು, ಮನೆಯಷ್ಟು ದೊಡ್ಡದು. 'ಹೆಂಗಸರು ಬಾಯಿ ಮುಚ್ಚಿಕೊಂಡಿರಲಿ ಅನ್ನುತ್ತದೆ ಬೈಬಲ್. ನಿಮಗೆ ಒಪ್ಪಿಗೆಯೇ?' ಕೆಳಗೆ ಯಾವುದೋ ವಿಚಾರವಾದಿ ಸಂಘದ ಹೆಸರು.

ಮೈ ಉರಿದುಹೋಯಿತು. ಅಷ್ಟು ದೊಡ್ಡ ಗ್ರಂಥದಲ್ಲಿ ಅದೊಂದೇ ಮಾತು ಕಂಡಿತಾ ಆ ಜನಕ್ಕೆ? ಟಿಕೆಟ್ ಕೌಂಟರಿನವಳು ಬೇರೆ ಕೇಳಿದಳು, "ಹೌದೇನೇ, ನಿಮ್ಮ ಚರ್ಚಲ್ಲಿ ಹಂಗಾ?" ಬಾಯಿ ತೆರೆದೆ. ಮುಚ್ಚಿದೆ. ಊರಿಗೆಲ್ಲ ಮೈಕಿನಲ್ಲಿ ಹೇಳುವವಳು ನಾನು, ಚರ್ಚಿನಲ್ಲಿ ಬೈಬಲಿನ ಒಂದು ಪಾಠ ಓದಲು ಬಿಟ್ಟಿಲ್ಲ. ಕೇಳಿ ಕೇಳಿ ಸಾಕಾಗಿದೆ. ಪ್ರತಿ ಸಲವೂ ಹಿರಿಯರದು ಒಂದೇ ಮಾತು: "ಆ ಪದ್ಧತಿ ಇಲ್ಲಮ್ಮ."

ಮಾರ್ಚ್ 6

ಚರ್ಚಿನ ಸಭೆಯ ಹಿರಿಯರ ಮೀಟಿಂಗ್ ನಮ್ಮ ಮನೆಯಲ್ಲೇ. ನಮ್ಮನೆಯವರೂ ಹಿರಿಯರಲ್ಲಿ ಒಬ್ಬರು. ಒಬ್ಬರಿಗೆ ಬೋರ್ಡು ಹರಿಯಬೇಕು, ಇನ್ನೊಬ್ಬರಿಗೆ ಕೇಸು ಹಾಕಬೇಕು. ಪಾಸ್ಟರ್ ಮೆಲ್ಲಗೆ, "ಬೇಡ. ಹೇಳೋ ಹಕ್ಕು ಅವರಿಗೂ ಇದೆ. ನಾವು ಉತ್ತರ ಕೊಡೋಣ." ಟೀ ಕೊಟ್ಟು ಒಳಗೆ ಬಂದೆ. ಅತ್ತೆಯೂ ನಾನೂ ಬಾಗಿಲ ಮರೆಯಲ್ಲಿ ಕಿವಿ ಚಾಚಿ...

ಮಾರ್ಚ್ 8, ಸಂಜೆ

ಉತ್ತರ ರೆಡಿ. ಬೋರ್ಡಿನ ಪಕ್ಕದಲ್ಲೇ ಬ್ಯಾನರ್ ಕಟ್ಟುತ್ತಾರಂತೆ. ಇವರು ಎದೆಯುಬ್ಬಿಸಿ ಬಿಡಿಸಿ ತೋರಿಸಿದರು: 'ನಮ್ಮ ಸಭೆಯಲ್ಲಿ ಹೆಂಗಸರ ದನಿಗೆ ಪೂರ್ಣ ಗೌರವವಿದೆ.' ಕೆಳಗೆ ಹನ್ನೊಂದು ಮಂದಿ ಹಿರಿಯರ ಫೋಟೋ. ಹನ್ನೊಂದೂ ಮೀಸೆ!

ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಅತ್ತೆ ಬಗ್ಗಿ ನೋಡಿದರು. "ಅಯ್ಯೋ ಪೆದ್ದಾ! ಇದನ್ನ ಕಟ್ಟಿದ್ರೆ ಅವರು ಇನ್ನೊಂದು ಬೋರ್ಡ್ ಹಾಕೋದೇ ಬೇಡ."

ಇವರ ಮುಖ ಇಂಗು ತಿಂದ ಮಂಗನ ಹಾಗಾಯಿತು. "ಮತ್ತೇನ್ ಮಾಡ್ಬೇಕಿತ್ತು?"

"ನನ್ನನ್ನ ಓದೋಕೆ ಬಿಡಿ," ಅಂದೆ ನಾನು. "ಪೀಠದಲ್ಲಿ, ಮೈಕ್ ಮುಂದೆ. ಅದೇ ಉತ್ತರ."

"ಸುಮ್ಮನಿರ್ಬೇಕು ಅಂತ ಬರೆದಿದೆಯಲ್ಲೇ..."

"ಸಮಾಧಿ ಖಾಲಿ ಇದೆ, ಹೋಗಿ ತಿಳಿಸಿ ಅಂತ ಮೊದಲು ಹೇಳಿದ್ದು ಯಾರಿಗೆ? ಅದೂ ಬರೆದಿದೆ. ಆ ಹೆಂಗಸರು ಸುಮ್ಮನಿದ್ದಿದ್ರೆ ನೀವು ಹನ್ನೊಂದು ಜನ ಇವತ್ತು ಯಾವ ಸಭೆಗೆ ಹಿರಿಯರು?"

ಇವರು ಬ್ಯಾನರ್ ಸುತ್ತಿ ಮೂಲೆಗಿಟ್ಟರು. ಚಪ್ಪಲಿ ಮೆಟ್ಟಿಕೊಂಡು ಸೀದಾ ಪಾಸ್ಟರ್ ಮನೆಗೆ ಹೋದರು.

ಮಾರ್ಚ್ 15

ವಾರವಿಡೀ ಹಿರಿಯರಲ್ಲಿ ಜಗಳ. ಬರೆಯಲೂ ಮನಸ್ಸಾಗಲಿಲ್ಲ. ಇವತ್ತು ಪಾಸ್ಟರ್ ಅವರಿಂದ ಕೈ ಎತ್ತಿಸಿದರಂತೆ. ಒಂದೇ ಒಂದು ಕೈ ಹೆಚ್ಚು — ಅದು ಇವರದು! "ನಾಳೆ ನೀನೇ ಓದೋದು" ಅಂದರು. ಅತ್ತುಬಿಟ್ಟೆ.

ಮಾರ್ಚ್ 16, ಭಾನುವಾರ, ಮಧ್ಯಾಹ್ನ

ಓದಿದೆ! ಓದಿಯೇಬಿಟ್ಟೆ!

ಮೈಕು ಕಂಡದ್ದೇ ತಡ, ನಾಲಿಗೆ ತನ್ನ ಪಾಡಿಗೆ — "ಪ್ರಯಾಣಿಕರ ಗಮನಕ್ಕೆ!" ಚರ್ಚಿಗೆ ಚರ್ಚೇ ಗೊಳ್ಳೆಂದು ನಕ್ಕಿತು, ಪಾಸ್ಟರೂ ನಕ್ಕರು. ಸಾವರಿಸಿಕೊಂಡೆ. ಸಮಾಧಿಯ ಬಳಿ ಹೋದ ಹೆಂಗಸರ ಭಾಗ. ಕೊನೆತನಕ ಓದಿದೆ. ಕೈ ಎತ್ತದಿದ್ದ ಹಿರಿಯರೂ ಕಣ್ಣು ಒರೆಸಿಕೊಂಡರು. ಹಿಂದಿನ ಬೆಂಚಿನಲ್ಲಿ ಕೌಂಟರಿನವಳು! ಹೊರಗೆ ಬಂದು ಕೈ ಹಿಡಿದಳು. "ನಿನ್ನ ದನಿ ಇಲ್ಲೇ ಚೆನ್ನಾಗಿ ಕೇಳುತ್ತೆ ಕಣೇ."

ಬೋರ್ಡು ಇನ್ನೂ ಇದೆ. ಇರಲಿ. ಅದರ ಕೆಳಗೇ ತಲೆಯೆತ್ತಿ ನಡೆದು ಬಂದೆವು.

ಸಂಜೆ

ಊಟಕ್ಕೆ ಕೂತಾಗ ಅತ್ತೆ ಮಗನಿಗೆ, "ಮುಂದಿನ ವಾರ ನಂದು."

"ನಿಂಗ್ಯಾಕಮ್ಮ, ಈ ವಯಸ್ಸಲ್ಲಿ?"

"ಚಿಕ್ಕ ವಯಸ್ಸಲ್ಲಿ ಯಾರು ಬಿಟ್ರು?"

ಇವರು ಎದ್ದು ಬೈಬಲ್ ತಂದು ಅತ್ತೆಯ ಮುಂದಿಟ್ಟರು. ಈಗ ಅತ್ತೆ ಹಾಲ್‌ನಲ್ಲಿ ಗಟ್ಟಿಯಾಗಿ ಓದುತ್ತಿದ್ದಾರೆ. ಇಷ್ಟು ದೊಡ್ಡ ದನಿ ಈ ಮನೆಯಲ್ಲೇ ಇತ್ತೇ! ಕರೆಯುತ್ತಿದ್ದಾರೆ, ಮೈಕಿಗೆ ಎಷ್ಟು ಹತ್ತಿರ ನಿಲ್ಲಬೇಕಂತೆ. ಬಂದೆ ಅತ್ತೆ, ಬಂ—