ಗಡ್ಡ ಹಾಗೇ ಇದೆ

ಮಾರ್ಚ್ ೧೨, ಗುರುವಾರ

ಕುಡಿತ ಬಿಡುವವರ ಸಭೆ ಗ್ರಂಥಾಲಯದ ಮಹಡಿಯ ಮೇಲೆ ನಡೆಯುತ್ತದೆಂದು ಡಾಕ್ಟರು ಹೇಳಿ ಎಷ್ಟೋ ದಿನವಾಗಿತ್ತು. ಗುರುತಿನವರು ಸಿಕ್ಕಿದರೆ ಮಾನ ಹೋದೀತೆಂದು ಇವತ್ತೂ ಮೆಟ್ಟಿಲ ಬಳಿ ಮೀನಮೇಷ ಎಣಿಸಿದೆ. ಕೊನೆಗೆ ಹತ್ತಿದೆ. ಬಾಗಿಲು ತೆಗೆದವನು ನಮ್ಮ ಬೀದಿಯ ಕಟಿಂಗ್ ಶಾಪಿನವನು. ವಾರವಾರ ನನ್ನ ಬಾಯಿಯ ವಾಸನೆ ಸಹಿಸಿಕೊಂಡು, ತುಟಿ ಪಿಟಕ್ಕೆನ್ನದೆ ಗಡ್ಡ ಹೆರೆದವನು.

"ನೀನೂನಾ?" ಎಂದೆ.

"ನಾನಿಲ್ಲಿ ಹಳೇ ಗಿರಾಕಿ ಅಣ್ಣಾ. ಬನ್ನಿ, ಕುರ್ಚಿ ಖಾಲಿ ಇದೆ."

ನಾನೇನೂ ಮಾತಾಡಲಿಲ್ಲ, ಸುಮ್ಮನೆ ಕೂತು ಕೇಳಿದೆ. ಆದರೂ ಎದೆಯ ಭಾರ ಇಳಿದಿದೆ.

ಮನೆಗೆ ಬಂದಾಗ ಇವಳು, "ಎಲ್ಲಿಗೆ ಹೋಗಿದ್ರಿ?" ಎಂದಳು. "ಕಟಿಂಗ್ ಶಾಪಿನವನ ಹತ್ರ" ಎಂದೆ, ಸುಳ್ಳೇನಲ್ಲ. ಹತ್ತಿರ ಬಂದು ಬೆಳೆದ ಗಡ್ಡ ಸವರಿದಳು. ಬಾಯಿ ಮೂಸಿ ನೋಡಿದಳು.

"ಚೆನ್ನಾಗೇ ಮಾಡಿದ್ದಾನೆ. ಮುಂದಿನ ವಾರಾನೂ ಹೋಗಿ" ಎಂದಳು.